ಅಳಿಯಂದಿರು ಆರಿಸಿದ ಡ್ರೋನ್

ನಮ್ಮ ಅಳಿಯನಿಗೆ ವಸ್ತು ಬೇಡ, ವಸ್ತುವಿನ ವಿಚಾರ ಸಾಕು. ಹೋದ ವರ್ಷ ಮಳೆ ಶುರುವಾಗುವ ಮೊದಲು ಒಂದು ಛತ್ರಿ ಕೊಳ್ಳಬೇಕೆಂದು ಕೂತ. ಕಡ್ಡಿ ಕಬ್ಬಿಣದ್ದೋ ಅಲ್ಯೂಮಿನಿಯಂದೋ, ಬಟ್ಟೆ ಒಂದು ಪದರವೋ ಎರಡು ಪದರವೋ, ಗಾಳಿಗೆ ಮಗುಚಿಕೊಂಡರೆ ಮತ್ತೆ ಸರಿಹೋಗುತ್ತದೋ ಇಲ್ಲವೋ ಎಂದು ಫೋನಿನಲ್ಲಿ ವಿಡಿಯೋ ಮೇಲೆ ವಿಡಿಯೋ ನೋಡಿದ. ಮಳೆಗಾಲ ಪೂರ್ತಿ ನನ್ನ ಮಗಳ ಹೂವಿನ ಚಿತ್ತಾರದ ಛತ್ರಿ ಹಿಡಿದುಕೊಂಡೇ ಆಫೀಸಿಗೆ ಹೋದ. ಕೊನೆಗೆ ಅವನ ಛತ್ರಿ ಬಂದ ದಿನ ಆಕಾಶದಲ್ಲಿ ಒಂದು ತುಣುಕು ಮೋಡ ಇರಲಿಲ್ಲ. ಅದನ್ನು ನಡುಮನೆಯಲ್ಲಿ ಬಿಚ್ಚಿ ತೋರಿಸಿ, ಇದು ಇಪ್ಪತ್ತು ವರ್ಷ ಬಾಳಿಕೆ ಬರುತ್ತದೆ ಅತ್ತೆ ಎಂದ. ಬರಲಿ ಪಾಪ, ಹೊರಗೆ ತೆಗೆದರೆ ತಾನೇ ಹಾಳಾಗುವುದು.

ಅಳಿಯ ಅಂದಮೇಲೆ ಎದುರಿಗೆ ನೀವು, ತಾವು ಅನ್ನಬೇಕು. ಅನ್ನುತ್ತೇನೆ. ಮನಸ್ಸಿನಲ್ಲಿ ಏನನ್ನುತ್ತೇನೋ ಅದು ನನಗೂ ನನ್ನ ಒಲೆಗೂ ಗೊತ್ತು. ಕೆಟ್ಟವನೇನಲ್ಲ. ಮಗಳನ್ನು ಚೆನ್ನಾಗಿ ನೋಡಿಕೊಳ್ಳುತ್ತಾನೆ, ಯಾವ ಚಟವೂ ಇಲ್ಲ. ಆದರೆ ಆ ಮಾತು! ದಿನವಿಡೀ ಆಫೀಸಿನ ತಿರುಗುವ ಕುರ್ಚಿಯಲ್ಲಿ ಕೂರುವ ಮನುಷ್ಯನಿಗೆ ಜಗತ್ತಿನ ಪ್ರತಿಯೊಂದು ಸಾಮಾನಿನ ಬಗ್ಗೆಯೂ ಅಭಿಪ್ರಾಯ ಇರಲೇಬೇಕೆಂದು ಯಾರು ಕಾನೂನು ಮಾಡಿದರೋ ಕಾಣೆ. ಇಂಥವನ ಕೈಗೆ ನನ್ನ ಗಂಡನ ಜೀವ ಹೋಗಿ ಸಿಕ್ಕಿಕೊಂಡಿತಲ್ಲ, ಅದು ನನ್ನ ಗ್ರಹಚಾರ.

ನಮ್ಮದು ಛಾವಣಿ ರಿಪೇರಿಯ ಕೆಲಸ. ಹೆಂಚಿನ ಮನೆ ಎಲ್ಲಿ ಸೋರುತ್ತದೆ ಎಂದು ಹುಡುಕುವುದು, ಒಡೆದದ್ದನ್ನು ತೆಗೆದು ಬೇರೆಯದನ್ನು ಕೂರಿಸುವುದು. ನಮ್ಮವರು ಮೇಲೆ, ನಾನು ಕೆಳಗೆ. ಮದುವೆಯಾದ ಹೊಸತರಲ್ಲಿ ಕೂಲಿಯವನು ಕೈಕೊಟ್ಟನೆಂದು ಒಂದು ದಿನದ ಮಟ್ಟಿಗೆ ಏಣಿ ಹಿಡಿಯಲು ಹೋದವಳು ನಾನು. ಆ ಒಂದು ದಿನ ಇನ್ನೂ ಮುಗಿದಿಲ್ಲ. ಏಣಿ ಹಿಡಿಯುವುದೆಂದರೆ ಕಂಬ ತಬ್ಬಿಕೊಂಡು ನಿಂತ ಹಾಗಲ್ಲ. ಕಣ್ಣು ಹತ್ತುವವರ ಹಿಮ್ಮಡಿಯ ಮೇಲಿರಬೇಕು. ಹಿಮ್ಮಡಿ ಮೇಲೆದ್ದರೆ ಅವರು ಎಟುಕದ ಕಡೆಗೆ ಕೈಚಾಚುತ್ತಿದ್ದಾರೆ ಎಂದರ್ಥ, ಆ ಕ್ಷಣವೇ ಬೈಯಬೇಕು. ಒಮ್ಮೆ ಮನೆ ಮಾಲೀಕರೊಬ್ಬರು, ಏಣಿಯನ್ನು ಹಗ್ಗದಲ್ಲಿ ಕಟ್ಟಿಬಿಟ್ಟರೆ ಆಯಿತಲ್ಲ, ಹೆಂಡತಿಯನ್ನು ಯಾಕೆ ಬಿಸಿಲಲ್ಲಿ ನಿಲ್ಲಿಸುತ್ತೀರಿ ಎಂದು ಕೇಳಿದರು. ನಮ್ಮವರು ಮೇಲಿನಿಂದಲೇ, "ಹಗ್ಗ ನನ್ನ ಕಾಲು ನೋಡ್ತಾ ಇರಲ್ಲ ಸ್ವಾಮಿ," ಅಂದರು. ನನ್ನನ್ನು ಅವರು ಹೊಗಳಿದ್ದೆಂದರೆ ಅದೊಂದೇ ಸಲ, ಅದೂ ಬೇರೆಯವರ ಹತ್ತಿರ.

ಏಣಿಯ ಕೆಲಸ ಮುಗಿದ ಮೇಲೆ ಹೆಂಚಿನ ಕೆಲಸ. ನಾನು ಕೆಳಗಿನಿಂದ ಒಂದೊಂದೇ ಎಸೆಯುತ್ತೇನೆ, ಅವರು ಸೂರಿನ ಅಂಚಿನಲ್ಲಿ ಕೂತು ಹಿಡಿಯುತ್ತಾರೆ. ತೆಗೆದ ಹೆಂಚು ಗಟ್ಟಿಯಾಗಿದ್ದರೆ ಅವರು ಕೆಳಗೆ ಬಿಡುತ್ತಾರೆ, ನಾನು ಹಿಡಿಯುತ್ತೇನೆ. ಎರಡು ಬದಿಯ ಅಂಚಿಗೆ ಎರಡು ಅಂಗೈ ಹೋಗಬೇಕು, ತಾಗಿದ ಕೂಡಲೇ ಹೆಂಚಿನ ಜೊತೆಗೇ ಕೈಯೂ ಕೆಳಗಿಳಿಯಬೇಕು. ಇದನ್ನು ಯೋಚಿಸಿ ಮಾಡುವುದಕ್ಕಾಗುವುದಿಲ್ಲ. ಸೂರಿನ ಅಂಚು ದಾಟಿ ಏನೇ ಬಂದರೂ ಕೈ ತಾನಾಗಿ ಏಳುತ್ತದೆ. ಹೆಂಚು ನೆಲಕ್ಕೆ ಬಿದ್ದು ಒಡೆದರೆ ನಷ್ಟಕ್ಕಿಂತ ಅವಮಾನವೇ ದೊಡ್ಡದು, ಆ ಅವಮಾನ ನಮಗೆ ಆಗಿಯೇ ಇರಲಿಲ್ಲ.

ಆದದ್ದು ಒಂದು ಬೇಕರಿಯ ಛಾವಣಿಯ ಮೇಲೆ. ನಾನು ಎಸೆದೆ. ಹೆಂಚು ಅವರ ಎದೆಯ ಮಟ್ಟಕ್ಕೆ ಹೋಯಿತು, ಅವರ ಕೈ ಏಳಲಿಲ್ಲ. ಹೋದ ದಾರಿಯಲ್ಲೇ ವಾಪಸ್ಸು ಬಂದು ನನ್ನ ಕಾಲ ಬಳಿ ಚೂರುಚೂರಾಯಿತು. ನಾನು ಹಿಡಿಯಲಿಲ್ಲ, ಯಾಕೆಂದರೆ ನನ್ನ ಕಣ್ಣು ಅವರ ಮೇಲಿತ್ತು. ಅವರು ಎರಡು ಕೈಯಲ್ಲೂ ಹೆಂಚು ಕೂರುವ ಮರದ ರೀಪನ್ನು ಬಿಗಿಯಾಗಿ ಹಿಡಿದುಕೊಂಡು ಕಣ್ಣು ಮುಚ್ಚಿ ಕೂತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಒಂದೊಂದೇ ಮೆಟ್ಟಿಲು ತಡವುತ್ತಾ ಇಳಿದು, ಬಿಸಿಲು ಕಣ್ಣಿಗೆ ಹೊಡೆಯಿತು ಎಂದರು. ಅಂದು ಬೆಳಗಿನಿಂದ ಬಿಸಿಲೇ ಇರಲಿಲ್ಲ.

ಅವರಿಗೆ ತಲೆ ಸುತ್ತುತ್ತಿತ್ತು. ಆಮೇಲೂ ಎರಡು ಸಲ ಹಾಗೆಯೇ ಕಣ್ಣು ಮುಚ್ಚಿ ಕೂತದ್ದನ್ನು ನೋಡಿದೆ. ಕೇಳಿದರೆ ಒಪ್ಪುವ ಜಾತಿಯಲ್ಲ ಅದು. ಮಗಳಿಗೆ ಹೇಳಿದರೆ ಅವಳು ರಂಪ ಮಾಡುತ್ತಾಳೆ, ರಂಪ ಮಾಡಿದರೆ ಇವರು ಹಟಕ್ಕೆ ಬಿದ್ದು ದಿನಕ್ಕೆ ಎರಡು ಛಾವಣಿ ಹತ್ತುತ್ತಾರೆ. ಹಾಗಾಗಿ ಬಾಯಿಗೆ ಬೀಗ ಹಾಕಿಕೊಂಡು ಏಣಿ ಹಿಡಿದೆ. ರಾತ್ರಿ ನಿದ್ದೆಯಲ್ಲೂ ಅವರ ಹಿಮ್ಮಡಿಯೇ ಕಾಣುತ್ತಿತ್ತು. ನನಗೆ ಭಯವಾಗಿತ್ತು, ಇದನ್ನು ಬಣ್ಣ ಹಚ್ಚಿ ಹೇಳುವ ಅಗತ್ಯವೇನಿಲ್ಲ.

ಡ್ರೋನ್ ಎಂಬ ಮಾತು ತೆಗೆದವಳು ಮಗಳು. ಅವಳು ಹೊಲಿಗೆ ಶಾಲೆಯಲ್ಲಿ ಬಟ್ಟೆ ಕತ್ತರಿಸುವುದನ್ನು ಕಲಿಸುತ್ತಾಳೆ. ಆ ಶಾಲೆಯ ಛಾವಣಿ ಸೋರಿ ನೀರು ಬಟ್ಟೆ ಕತ್ತರಿಸುವ ಮೇಜಿನ ಮೇಲೆಯೇ ಬೀಳುತ್ತಿತ್ತು, ಕೆಲಸ ನಮಗೇ ಬಂದಿತ್ತು. ಅಪ್ಪ ಅರ್ಧಕ್ಕರ್ಧ ಸಲ ಹತ್ತುವುದು ಬರೀ ನೋಡುವುದಕ್ಕೆ, ಕ್ಯಾಮೆರಾ ಇರುವ ಒಂದು ಸಣ್ಣ ಡ್ರೋನ್ ತಂದರೆ ಕೆಳಗೆ ನಿಂತೇ ನೋಡಬಹುದು, ಹೆಂಚು ಕೂರಿಸುವುದಕ್ಕೆ ಬೇರೆಯವರನ್ನು ಕರೆಯಬಹುದು ಎಂದಳು. ಕೇಳಿದ ನನಗೆ ಎದ್ದು ಕುಣಿಯುವಷ್ಟು ಸಂತೋಷವಾಯಿತು. ಕುಣಿಯಲಿಲ್ಲ. ಮುಖ ಗಂಟು ಹಾಕಿಕೊಂಡು, ಆಟದ ಸಾಮಾನಿಗೆಲ್ಲ ಖರ್ಚು ಯಾಕೆ ಎಂದೆ. ನಾನು ಬೇಡ ಅಂದರೆ ನಮ್ಮವರು ಬೇಕು ಅನ್ನುತ್ತಾರೆ ಎಂಬುದು ನನಗೆ ಗೊತ್ತಿಲ್ಲವೇ!

ಅವರು ತುಂಬ ಹೊತ್ತು ಚಹಾದ ಲೋಟ ತಿರುಗಿಸಿದರು. ಆಮೇಲೆ ಮಗಳಿಗೆ ಹೇಳಿದರು: "ನನ್ನ ಕಣ್ಣಿಗೆ ಕಾಣೋದೆಲ್ಲ ಅದರಲ್ಲಿ ಕಂಡರೆ ನಾನಿನ್ನು ಹತ್ತಲ್ಲ. ಕಾಣಲಿಲ್ಲ ಅಂದ್ರೆ ಈ ಮಾತು ಇನ್ಯಾವತ್ತೂ ಎತ್ತಬಾರದು. ಒಂದೇ ಸಲ ನೋಡೋದು."

ಅವರು ಮಾತು ಕೊಟ್ಟರೆ ಕೊಟ್ಟ ಹಾಗೆ. ಸಿಕ್ಕಿರುವುದು ಒಂದೇ ಅವಕಾಶ, ತರುವ ವಸ್ತು ಸರಿಯಾಗಿರಬೇಕು, ನಮ್ಮ ಕೈಗೆಟುಕುವ ಬೆಲೆಯದೂ ಆಗಿರಬೇಕು. ಇಷ್ಟು ಇತ್ತು ವಿಷಯ. ಆಗ ಮೂಲೆಯಲ್ಲಿ ಕೂತಿದ್ದ ಅಳಿಯ ಗಂಟಲು ಸರಿಮಾಡಿಕೊಂಡು, ಆ ಜವಾಬ್ದಾರಿ ನನಗೆ ಬಿಡಿ ಮಾವ ಎಂದ. ನನಗೆ ಆ ಛತ್ರಿ ನೆನಪಾಯಿತು.

ಅಂದಿನಿಂದ ಅವನು ಆಫೀಸು ಮುಗಿಸಿ ನೇರ ನಮ್ಮ ಮನೆಗೇ ಬರತೊಡಗಿದ. ಊಟದ ಮೇಜಿನ ಮೇಲೆ ನೀರಿನ ತಂಬಿಗೆಗೆ ಫೋನು ಒರಗಿಸಿ ಪುರಾಣ ಬಿಚ್ಚುತ್ತಿದ್ದ. ಜಿಪಿಎಸ್ ಇಲ್ಲದ್ದನ್ನು ಮುಟ್ಟಲೇಬಾರದು, ಒಂದು ಗಾಳಿ ಬೀಸಿದರೆ ಪಕ್ಕದ ಬೀದಿಗೆ ತೇಲಿಹೋಗುತ್ತದೆ. ಪೆಟ್ಟಿಗೆಯ ಮೇಲೆ 4ಕೆ ಎಂದು ದಪ್ಪಕ್ಷರದಲ್ಲಿ ಬರೆದಿದ್ದರೆ ನಂಬಬಾರದು, ಒಳಗಿರುವುದು ಆಟಿಕೆಯ ಕ್ಯಾಮೆರಾ. ಕ್ಯಾಮೆರಾ ಅಲುಗಾಡದಂತೆ ಹಿಡಿಯುವ ಗಿಂಬಲ್ ಎಂಬ ತೊಟ್ಟಿಲು ಇರಲೇಬೇಕು, ಇಲ್ಲದಿದ್ದರೆ ಚಿತ್ರವೆಲ್ಲ ಕಲಸಿಹೋಗುತ್ತದೆ. ಕಾಲು ಕಿಲೋಗಿಂತ ಹಗುರ ಇದ್ದರೆ ಕಾಯಿದೆಯ ಕಾಟ ಕಡಿಮೆ. ಅರ್ಧ ಗಂಟೆ ಹಾರುತ್ತದೆ ಎಂದರೆ ಅದರ ಮುಕ್ಕಾಲು ಪಾಲು ಮಾತ್ರ ಹಾರುತ್ತದೆ ಎಂದುಕೊಳ್ಳಬೇಕು, ಹಾಗಾಗಿ ಇನ್ನೊಂದು ಬ್ಯಾಟರಿ ಬೇಕೇ ಬೇಕು.

ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ನನ್ನ ಸಂಕಟವೇ ಅದು. ಸುಳ್ಳಾಗಿದ್ದರೆ ಒಂದೇ ಮಾತಿನಲ್ಲಿ ಬಾಯಿ ಮುಚ್ಚಿಸಬಹುದಿತ್ತು. ಹೊಸಬರು ಕೊಳ್ಳುವಾಗ ತಿಳಿದಿರಬೇಕಾದದ್ದೆಲ್ಲ ಅವನಿಗೆ ಒಂದೇ ವಾರದಲ್ಲಿ ತಿಳಿದುಹೋಯಿತು. ಮುಂದಿನ ವಾರ ಹೋಗಿ ತಂದಿದ್ದರೆ ಅವನ ಕಾಲಿಗೆ ಬೀಳದಿದ್ದರೂ ಒಂದು ಲೋಟ ಕಾಫಿ ಹೆಚ್ಚಿಗೆ ಕೊಡುತ್ತಿದ್ದೆ. ಆದರೆ ಅವನು ಒಂದನ್ನು ಆರಿಸಿದ ಮರುದಿನವೇ ಅದನ್ನು ಹೀಗಳೆಯುವ ಇನ್ನೊಂದು ವಿಡಿಯೋ ಸಿಗುತ್ತಿತ್ತು. ಅದರಲ್ಲಿ ಯಾರೋ ಟೊಪ್ಪಿ ಹಾಕಿಕೊಂಡವನು ಬೆಟ್ಟದ ತುದಿಯಲ್ಲಿ ನಿಂತು, ಇದರಲ್ಲಿ ಸೂರ್ಯಾಸ್ತದ ಬಣ್ಣ ಸ್ವಲ್ಪ ಮಂಕು ಎಂದು ಮೂಗು ಮುರಿಯುತ್ತಿದ್ದ. ನಮಗೆ ಸೂರ್ಯಾಸ್ತ ಯಾಕಪ್ಪಾ? ನಮಗೆ ಬೇಕಾದದ್ದು ಒಡೆದ ಹೆಂಚು. ಮುಂದಿನ ತಿಂಗಳು ಹೊಸ ಮಾದರಿ ಬರುವ ಸುದ್ದಿಯಿದೆ, ಕಾಯುವುದು ಒಳ್ಳೆಯದು ಎಂದು ಅವನು ತೀರ್ಪು ಕೊಟ್ಟ.

ಅವನು ಕಾಯುತ್ತಿದ್ದ, ನಮ್ಮವರು ದಿನಾ ಹತ್ತುತ್ತಿದ್ದರು. ಒಂದು ಸಂಜೆ ನನಗೆ ತಡೆಯಲಾಗಲಿಲ್ಲ.

"ಅಳಿಯಂದಿರೇ, ನೀವು ಆರಿಸಿ ಮುಗಿಸೋ ಹೊತ್ತಿಗೆ ಅದು ಯಾರಿಗೆ ಬೇಕಾಗಿತ್ತೋ ಅವರೇ ಇರ್ತಾರೋ ಇಲ್ವೋ," ಅಂದೆ.

ಅವನು ಫೋನಿನಿಂದ ತಲೆ ಎತ್ತದೆ, ನಿಜ ಅತ್ತೆ, ಈ ಕಂಪನಿಗಳು ಹಳೆಯ ಗ್ರಾಹಕರನ್ನು ಬೇಗ ಕೈಬಿಡುತ್ತವೆ ಎಂದ. ನಾನು ಅಡುಗೆಮನೆಗೆ ಹೋಗಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ.

ಕೊನೆಗೆ ಮಗಳೇ ಒಂದು ರಜೆಯ ದಿನ ಅವನ ಕೈ ಹಿಡಿದು ಎಳೆದುಕೊಂಡು ಕ್ಯಾಮೆರಾ ಅಂಗಡಿಗೆ ಹೊರಟಳು. ನಾನೂ ಹೋದೆ. ಅಂಗಡಿಯವನಂತೂ ಇವನಿಗೆ ಹೇಳಿ ಮಾಡಿಸಿದ ಜೋಡಿ. ಇವನು ಒಂದು ಹೇಳಿದರೆ ಅವನು, ಸಾರ್‌ಗೆ ಎಲ್ಲಾ ಗೊತ್ತು, ನಾವೇನು ಹೇಳುವುದು ಎಂದು ಹಲ್ಲು ಕಿರಿಯುತ್ತಿದ್ದ. ಹೊಗಳಿಕೆ ಬಿದ್ದಷ್ಟೂ ಇವನ ಕುತ್ತಿಗೆ ಉದ್ದವಾಗುತ್ತಿತ್ತು. ಕಡೆಗೆ ಗಾಜಿನ ಮೇಜಿನ ಮೇಲೆ ಎರಡು ಉಳಿದವು. ಒಂದು ಬಡಪಾಯಿಯ ಹಾಗೆ ಗುಂಡಗಿತ್ತು, ನಾಲ್ಕು ರೆಕ್ಕೆಗೂ ಸುತ್ತ ಬಳೆಯಂತೆ ಪ್ಲಾಸ್ಟಿಕ್ಕಿನ ಕಟ್ಟು. ಇನ್ನೊಂದು ತೆಳ್ಳಗೆ, ಬೂದು ಬಣ್ಣ, ರೆಕ್ಕೆಗಳು ಬರಿದೇ ಹೊರಗೆ ಚಾಚಿಕೊಂಡಿದ್ದವು. ಎರಡರ ಬೆಲೆಯೂ ಹೆಚ್ಚುಕಡಿಮೆ ಒಂದೇ. ಹೆಂಚಿನ ಬಿರುಕು ಕಾಣುತ್ತದೆಯೇ ಎಂದು ಕೇಳಿದೆ, ಎರಡರಲ್ಲೂ ಕಾಣುತ್ತದೆ ಎಂದರು. ಏನೂ ಗೊತ್ತಿಲ್ಲದವರು ಹಾರಿಸಬಹುದೇ ಎಂದೆ, ಎರಡನ್ನೂ ಹಾರಿಸಬಹುದು ಎಂದರು.

"ಹಾಗಾದ್ರೆ ಕಟ್ಟು ಇರೋದೇ ತಗೊಳ್ಳಿ. ಮನೇಲಿ ಫ್ಯಾನಿಗೂ ಜಾಲರಿ ಇರುತ್ತಲ್ಲ," ಅಂದೆ.

ಅಂಗಡಿಯವನೂ ಅಳಿಯನೂ ಮುಖ ಮುಖ ನೋಡಿಕೊಂಡು ನಕ್ಕರು. ಅದು ಮಕ್ಕಳಿಗೆ, ಮನೆಯೊಳಗೆ ಆಡುವವರಿಗೆ ಎಂದು ಅಳಿಯ ವಿವರಿಸಿದ. ತೆಳ್ಳಗಿನದ್ದು ಹೆಚ್ಚು ಹೊತ್ತು ಹಾರುತ್ತದೆ, ಗಾಳಿಗೆ ಜಗ್ಗುವುದಿಲ್ಲ. ಅದಕ್ಕೂ ಬೇಕಿದ್ದರೆ ಕಟ್ಟು ಬೇರೆಯಾಗಿ ಸಿಗುತ್ತದೆ, ಆದರೆ ಹಾಕಿದರೆ ತೂಕ ಏರುತ್ತದೆ, ಹಾರುವ ಹೊತ್ತು ಇಳಿಯುತ್ತದೆ, ತಿಳಿದವರು ಯಾರೂ ಹಾಕುವುದಿಲ್ಲ ಎಂದ. ಅಷ್ಟಕ್ಕೇ ನಿಲ್ಲಿಸದೆ ಇನ್ನೊಂದು ಮಾತು ಸೇರಿಸಿದ: "ತಿರುಗೋ ರೆಕ್ಕೆಗೆ ಯಾರಾದ್ರೂ ಕೈ ಹಾಕ್ತಾರಾ ಅತ್ತೆ?"

ತೆಳ್ಳಗಿನದ್ದೇ ಮನೆಗೆ ಬಂತು. ಬಂದಮೇಲೂ ಅದನ್ನು ಯಾರೂ ಮುಟ್ಟುವ ಹಾಗಿರಲಿಲ್ಲ. ಮೊದಲು ತಾನು ಪಳಗಬೇಕು ಎಂದು ಅಳಿಯ ಖಾಲಿ ಮೈದಾನಕ್ಕೆ ಹೋಗಿ ಹಾರಿಸಿದ. ತಾನು ಸೊಂಟದ ಮೇಲೆ ಕೈಯಿಟ್ಟು ದೂರ ನೋಡುತ್ತಿರುವ ಹಾಗೆ ಮೇಲಿನಿಂದ ವಿಡಿಯೋ ತೆಗೆದುಕೊಂಡು ಬಂದು ಎಲ್ಲರಿಗೂ ತೋರಿಸಿದ. ಚಿತ್ರ ನಿಜಕ್ಕೂ ಬಹಳ ಸ್ಪಷ್ಟವಾಗಿತ್ತು. ನೆತ್ತಿಯ ಮೇಲೆ ಅವನಿಗೇ ಗೊತ್ತಿಲ್ಲದ ಬೋಳು ಜಾಗವೊಂದು ಬಿಲ್ಲೆಯ ಹಾಗೆ ಹೊಳೆಯುತ್ತಿತ್ತು. ಮಗಳು ಬಾಯಿಗೆ ಸೆರಗು ಅಡ್ಡ ಹಿಡಿದಳು. ಅವನು ಅದನ್ನು ಆಗಲೇ ಅಳಿಸಿಹಾಕಿದ. ನನಗೋ ಸಮಾಧಾನ, ಬೋಳು ಕಂಡಿತೆಂದರೆ ಬಿರುಕೂ ಕಾಣುತ್ತದೆ.

ಹೊಲಿಗೆ ಶಾಲೆಯ ಛಾವಣಿ ನೋಡುವ ದಿನ ಗೊತ್ತಾಯಿತು. ನಮ್ಮವರು ಬೆಳಿಗ್ಗೆ ಎದ್ದವರೇ ಏಣಿಯನ್ನೂ ಗಾಡಿಗೆ ಹಾಕಿದರು. ಅದು ಯಾಕೆ ಎಂದು ಮಗಳು ಕೇಳಿದರೆ, ಕಾಣದಿದ್ದರೆ ಬೇಕಲ್ಲ ಎಂದರು. ಶಾಲೆಯ ಅಂಗಳದ ಕಡೆಯ ಗೋಡೆಗೆ ಏಣಿ ಒರಗಿಸಿಯೂ ಬಿಟ್ಟರು. ಏಣಿ ನಿಂತ ಕಡೆ ನಾನು ನಿಲ್ಲಲೇಬೇಕು, ಅಭ್ಯಾಸ. ಹತ್ತುವವರು ಯಾರೂ ಇಲ್ಲದ ಏಣಿಯ ಬುಡದಲ್ಲಿ ಹೋಗಿ ನಿಂತೆ. ಅಂಗಳದಲ್ಲಿ ಸಮತಟ್ಟಾದ ಜಾಗವೆಂದರೆ ಅದೊಂದೇ ಎಂದು ಅಳಿಯ ಡ್ರೋನನ್ನು ನನ್ನ ಕಾಲಿನಿಂದ ಮಾರು ದೂರದಲ್ಲೇ ಇಟ್ಟು ಹಾರಿಸಿದ. ಕಿಟಕಿಗಳಲ್ಲಿ ಹೊಲಿಗೆ ಕಲಿಯುವ ಹೆಣ್ಣುಮಕ್ಕಳು ಸಾಲಾಗಿ ನಿಂತಿದ್ದರು.

ನೋಡುವವರು ಸಿಕ್ಕರೆ ಕೇಳಬೇಕೇ. ಮೊದಲು ಬೀದಿಯನ್ನು ತೋರಿಸಿದ, ಆಮೇಲೆ ದೂರದ ನೀರಿನ ಟ್ಯಾಂಕು, ಆಮೇಲೆ ಕಿಟಕಿಯ ಹುಡುಗಿಯರಿಗೆ ಕೈ ಬೀಸಿರೆಂದು ಹೇಳಿ ಅವರನ್ನು. ಮಗಳು ಎರಡು ಸಲ ಗದರಿದ ಮೇಲೆ ಅದು ಛಾವಣಿಯ ಕಡೆ ತಿರುಗಿತು. ನಮ್ಮವರು ಕನ್ನಡಕ ಹಾಕಿಕೊಂಡು, ರಿಮೋಟಿಗೆ ಸಿಕ್ಕಿಸಿದ್ದ ಫೋನಿನ ಮೇಲೆ ಬಗ್ಗಿದರು. ನಾನು ಹೆಂಚನ್ನು ನೋಡಲಿಲ್ಲ, ಅವರ ಮುಖ ನೋಡಿದೆ. ಮೊದಲು ಹುಬ್ಬು ಗಂಟಿಕ್ಕಿತು. ಆಮೇಲೆ ಸಡಿಲವಾಯಿತು. "ಇನ್ನೂ ಸ್ವಲ್ಪ ಆ ಕಡೆ," ಎಂದರು. ಆಮೇಲೆ, "ಅಲ್ಲೇ ನಿಲ್ಸಿ. ಅದು ಸರಿದಿದೆ, ಅದರ ಕೆಳಗಿಂದು ಒಡೆದಿದೆ." ಅವರ ದನಿಯಲ್ಲಿ ಹಟ ಇರಲಿಲ್ಲ. ದೇವರೇ, ಇವರಿಗೆ ಕಾಣಿಸುತ್ತಿದೆ ಎಂದುಕೊಂಡೆ. ನನ್ನ ಕಣ್ಣಲ್ಲಿ ನೀರು ಬಂದುಬಿಟ್ಟಿತು.

ಇನ್ನು ಹಿಂಬದಿಯ ಇಳಿಜಾರು ನೋಡಬೇಕಿತ್ತು. ಅಷ್ಟರಲ್ಲಿ ರಿಮೋಟು ಕೀಕೀ ಎಂದು ಕೂಗಿಕೊಂಡಿತು. ಬ್ಯಾಟರಿ ಮುಗಿಯುತ್ತಾ ಬಂದಿತ್ತು, ಎಲ್ಲಿಗೆ ಹೋಯಿತು ಅಂದರೆ ಬೀದಿಗೆ, ಟ್ಯಾಂಕಿಗೆ, ಹುಡುಗಿಯರಿಗೆ. ಇನ್ನೊಂದು ಬ್ಯಾಟರಿಯನ್ನು ಮಹಾಶಯರು ಮನೆಯಲ್ಲಿ ಚಾರ್ಜಿಗೆ ಹಾಕಿ ಅಲ್ಲೇ ಬಿಟ್ಟು ಬಂದಿದ್ದರು. ಏನೂ ಗಾಬರಿಯಿಲ್ಲ, ಇದು ಹೊರಟ ಜಾಗಕ್ಕೆ ತಾನೇ ವಾಪಸ್ಸು ಬಂದು ಇಳಿಯುತ್ತದೆ, ಅದಕ್ಕೇ ಇದನ್ನು ಆರಿಸಿದ್ದು ಎಂದು ಅಳಿಯ ರಿಮೋಟಿನಿಂದ ಕೈ ತೆಗೆದು ಹುಡುಗಿಯರ ಕಡೆ ನೋಡಿದ.

ಅದು ಬಂತು. ಛಾವಣಿಯ ಮೇಲಿನಿಂದ ಸೂರಿನ ಅಂಚು ದಾಟಿ, ಹೊರಟ ಜಾಗಕ್ಕಿಂತ ಒಂದು ಮಾರು ಈಚೆ, ನನ್ನ ತಲೆಯ ಮೇಲಕ್ಕೆ, ನೇರ ಕೆಳಗೆ.

ನನ್ನ ಕೈ ಎದ್ದಿತು. ನಾನು ಎತ್ತಿದೆ ಎಂದು ಹೇಳುವುದು ಸುಳ್ಳಾಗುತ್ತದೆ. ಎರಡು ಬದಿಗೆ ಎರಡು ಅಂಗೈ, ಹೆಂಚು ಹಿಡಿದ ಹಾಗೆಯೇ. ಹೆಂಚಿಗೆ ಅಲ್ಲಿ ಅಂಚು ಇರುತ್ತದೆ, ಇದಕ್ಕೆ ಅಲ್ಲಿ ರೆಕ್ಕೆ ಇತ್ತು. ಟರ್ರೆಂದು ಒಂದು ಶಬ್ದ ಬಂತು, ಕೈ ಬೆಂಕಿಗೆ ಇಟ್ಟ ಹಾಗಾಯಿತು. ಆದರೂ ಬಿಡಲಿಲ್ಲ. ಹಿಡಿದದ್ದನ್ನು ಮೊಣಕೈ ಸಡಿಲಿಸಿ ಕೆಳಗಿಳಿಸಿ, ಹೆಂಚು ಜೋಡಿಸುವ ಹಾಗೆ ಗೋಡೆಯ ಬುಡದಲ್ಲಿ ಇಟ್ಟೆ. ಆಮೇಲೆ ಸೀರೆಯ ಮೇಲೆ ರಕ್ತ ಕಂಡಿತು.

ಮಗಳು ಚೀರಿದಳು. ಅಳಿಯ ಓಡಿಬಂದ. ಬಂದವನು ಸೀದಾ ಗೋಡೆಯ ಬುಡಕ್ಕೆ ಹೋಗಿ ಮಂಡಿಯೂರಿ ಡ್ರೋನನ್ನು ಎತ್ತಿ, "ಸದ್ಯ, ಗಿಂಬಲ್‌ಗೆ ಏನೂ ಆಗಿಲ್ಲ," ಅಂದ.

ಈ ಮಾತನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ, ಅವನಿಗೂ ಮರೆಯಲು ಬಿಡುವುದಿಲ್ಲ. ನಮ್ಮವರು ಹೆಗಲ ಮೇಲಿನ ಟವೆಲ್ಲನ್ನು ಹರಿದು ನನ್ನ ಎರಡೂ ಕೈಗೆ ಸುತ್ತಿದರು.  

ಎಡಗೈಗೆ ತರಚಿದ ಗಾಯ, ಬಲಗೈಗೆ ಹೊಲಿಗೆ ಬಿತ್ತು. ಏನು ಕಚ್ಚಿದ್ದು ಎಂದು ಡಾಕ್ಟರಮ್ಮ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಳಿಯ, ಕಟ್ಟು ಹಾಕಿದರೆ ಹಾರುವ ಹೊತ್ತು ಎಷ್ಟು ಕಡಿಮೆಯಾಗುತ್ತದೆ ಎಂದು ಅವರಿಗೆ ವಿವರಿಸತೊಡಗಿದ. ಅವರು ಸೂಜಿ ಹಿಡಿದುಕೊಂಡೇ ಅವನನ್ನು ಹೊರಗೆ ಕೂರಲು ಹೇಳಿದರು. ಒಳ್ಳೆಯ ಹೆಂಗಸು.

ಆಸ್ಪತ್ರೆಯಿಂದ ಬರುವಾಗ ನಮ್ಮವರು, ಹಿಂಬದಿ ನೋಡಿಲ್ಲ, ನಾಳೆ ಹತ್ತಿ ನೋಡಬೇಕು ಎಂದರು. ಅರ್ಧ ಕಂಡದ್ದು ಪೂರ್ತಿ ಕಂಡ ಹಾಗಲ್ಲವಲ್ಲ, ಅವರ ಕರಾರಿನ ಪ್ರಕಾರ ಡ್ರೋನು ಸೋತಿತ್ತು. ಆ ಮಾತಿಗೆ ಮಗಳ ಮುಖ ಬಾಡಿತು. ಇಷ್ಟೆಲ್ಲ ಆಗಿಯೂ ಹತ್ತುತ್ತಾರೆ. ಏಣಿ ತಾನು ಹಿಡಿಯುತ್ತೇನೆ ಎಂದು ಅಳಿಯ ಎದೆ ಸೆಟೆಸಿದ.

ಮಾರನೆಯ ದಿನ ಬೇಡವೆಂದರೂ ಕೇಳದೆ ನಾನೂ ಹೋದೆ. ಬ್ಯಾಂಡೇಜಿನ ಎರಡು ಕೈಯನ್ನು ಎದೆಗೆ ಒತ್ತಿಕೊಂಡು ಅಂಗಳದಲ್ಲಿ ನಿಂತೆ. ಅಳಿಯ ಏಣಿ ಹಿಡಿದ, ನಮ್ಮವರು ಹತ್ತತೊಡಗಿದರು. ಅರ್ಧ ದಾರಿಗೆ ಹೋಗಿ ನಿಂತರು. ಮೆಟ್ಟಿಲನ್ನು ಹಿಡಿದ ಕೈಯ ಗೆಣ್ಣು ಬಿಳಿಚಿಕೊಂಡಿತು, ಹಿಮ್ಮಡಿ ಮೆಲ್ಲಗೆ ಮೇಲೆದ್ದು ಅದುರುತ್ತಿತ್ತು. ಅಳಿಯನ ಒಂದು ಕೈ ಏಣಿಯ ಮೇಲಿತ್ತು, ಕಣ್ಣು ಇನ್ನೊಂದು ಕೈಯ ಫೋನಿನ ಮೇಲಿತ್ತು. ಏಣಿಗೆ ಕೂಡಿಸುವ ಯಾವುದೋ ಸ್ಟ್ಯಾಂಡು ಕಂಡುಬಿಟ್ಟಿತ್ತು ಅವನಿಗೆ, ಮೂರು ಬಗೆ ಬರುತ್ತದೆ ಮಾವ, ಹೋಲಿಸಿ ಹೇಳುತ್ತೇನೆ ಎನ್ನುತ್ತಿದ್ದ.

"ಹಿಮ್ಮಡಿ!" ಎಂದು ನಾನು ಕಿರುಚಿದೆ.

ನಮ್ಮವರ ಹಿಮ್ಮಡಿ ಮೆಟ್ಟಿಲಿಗೆ ಅಂಟಿಕೊಂಡಿತು. ಅವರು ಕಣ್ಣು ಬಿಟ್ಟು, ಕೆಳಗೆ ಅಳಿಯನನ್ನು ನೋಡಿದರು. ಆಮೇಲೆ ಅಂಗಳದಲ್ಲಿದ್ದ ನನ್ನನ್ನು, ನನ್ನ ಬಿಳಿ ಬಟ್ಟೆಯ ಕೈಗಳನ್ನು ನೋಡಿದರು. ಒಂದೊಂದೇ ಮೆಟ್ಟಿಲು ತಡವುತ್ತಾ ಇಳಿದು ಬಂದು ಏಣಿಯನ್ನು ಗೋಡೆಯಿಂದ ತೆಗೆದು ಅಡ್ಡ ಮಲಗಿಸಿದರು.

"ನಿನ್ನ ಕೈಗೆ ಹಿಡಿತ ಬರೋವರೆಗೂ ನಾನು ಹತ್ತಲ್ಲ ಇವಳೇ," ಎಂದರು.

ಡ್ರೋನು ಸೋತರೂ ಅವರು ಕೆಳಗುಳಿದರು. ಹೆಂಚು ಕೂರಿಸುವುದಕ್ಕೆ ಅಣ್ಣ ತಮ್ಮ ಆಗಬೇಕಾದ ಇಬ್ಬರು ಕೆಲಸಗಾರರು ಬರತೊಡಗಿದರು, ಒಬ್ಬ ಮೇಲೆ, ಒಬ್ಬ ಕೆಳಗೆ. ಡ್ರೋನು ಹಾರಿಸುವುದನ್ನು ಅಳಿಯನಿಂದ ಕಿತ್ತುಕೊಂಡು ಮಗಳು ಕಲಿತಳು, ಒಂದೇ ವಾರದಲ್ಲಿ ಅವನಿಗಿಂತ ಚೆನ್ನಾಗಿ. ಅದರ ನಾಲ್ಕು ರೆಕ್ಕೆಗೂ ಈಗ ಕಟ್ಟು ಇದೆ. ಆ ಕಟ್ಟನ್ನೂ ಅಳಿಯ ಬಣ್ಣ ಹೋಲಿಸಿ, ತೂಕ ಹೋಲಿಸಿ ತರಿಸಿದ, ಆ ಕಥೆ ಬೇಡ ಬಿಡಿ. ನಮ್ಮವರು ಕೆಳಗೆ ಸ್ಟೂಲಿನ ಮೇಲೆ ಕೂತು, ಫೋನು ನೋಡಿಕೊಂಡು, ಮೇಲಿರುವವನನ್ನು ಬಾಯಿಗೆ ಬಂದ ಹಾಗೆ ಬೈಯುತ್ತಾರೆ. ಬೈಯುವುದರಲ್ಲಿ ಇಷ್ಟು ಸುಖ ಇದೆಯೆಂದು ಅವರಿಗೆ ಮೊದಲೇ ಗೊತ್ತಿದ್ದರೆ ಯಾವಾಗಲೋ ಇಳಿಯುತ್ತಿದ್ದರು.

ಹೊಲಿಗೆ ಬಿಚ್ಚಿದ ದಿನ ಡಾಕ್ಟರಮ್ಮ ನನ್ನ ಬೆರಳು ಮಡಚಿಸಿ, ಬಿಡಿಸಿ, ತಮ್ಮ ಎರಡು ಬೆರಳು ಕೊಟ್ಟು ಹಿಸುಕಿ ಎಂದರು. ಹಿಸುಕಿದೆ. ಅವರು ಕೈ ಹಿಂದಕ್ಕೆಳೆದುಕೊಂಡು, ಸಾಕು ತಾಯಿ, ನನಗೆ ಇನ್ನೂ ರೋಗಿಗಳಿದ್ದಾರೆ ಎಂದು ನಕ್ಕರು. ಹೊರಗೆ ಬೆಂಚಿನಿಂದ ನಮ್ಮವರು ಎದ್ದು ನಿಂತು ಏನೆಂದರು ಎಂದು ಕೇಳಿದರು.

"ಗಾಯ ಮಾಗಿದೆಯಂತೆ. ಹಿಡಿತ ಬರೋದು ಮಾತ್ರ ನಿಧಾನವಂತೆ," ಅಂದೆ.

ಅವರು ತಲೆಯಾಡಿಸಿದರು. ಮನೆಗೆ ಬಂದು ಏಣಿಯನ್ನು ಹಿತ್ತಲ ಗೋಡೆಯ ಮೊಳೆಗಳ ಮೇಲೆ ತೂಗುಹಾಕಿದರು. ಅಂದಿನಿಂದ ಅವರೆದುರಿಗೆ ನಾನು ಬಲಗೈಯಲ್ಲಿ ತುಂಬಿದ ಕೊಡ ಎತ್ತಿಲ್ಲ, ಒದ್ದೆ ಬಟ್ಟೆ ಹಿಂಡಿಲ್ಲ. ಸುಳ್ಳು ಹೇಳಿದೆನೆಂದು ನನಗೆ ಎಳ್ಳಷ್ಟೂ ಬೇಜಾರಿಲ್ಲ.

ಅಳಿಯ ಮಾತ್ರ ಬಂದವರಿಗೆಲ್ಲ ಕೊಚ್ಚಿಕೊಳ್ಳುತ್ತಾನೆ. ಮೊನ್ನೆ ನನ್ನ ಎದುರಿಗೇ, ನೋಡಿ ಅತ್ತೆ, ಸರಿಯಾದ ಡ್ರೋನ್ ಆರಿಸಿದ್ದಕ್ಕೆ ಮಾವ ಹತ್ತುವುದೇ ನಿಂತಿತು, ಸ್ವಲ್ಪ ತಡವಾದರೂ ವಿಚಾರ ಮಾಡಿ ಕೊಳ್ಳುವುದರ ಲಾಭ ಇದು ಎಂದ. ನನ್ನ ಪಿತ್ತ ನೆತ್ತಿಗೇರಿತು. ಅಂಗೈಯ ಗಾಯದ ಗೆರೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, "ಹೌದು ಅಳಿಯಂದಿರೇ, ಎಲ್ಲಾ ನಿಮ್ಮಿಂದಲೇ," ಅಂದೆ. ಅವನು ಸಂತೋಷವಾಗಿ ಇನ್ನೊಂದು ಕಾಫಿ ಕೇಳಿದ. ಸಕ್ಕರೆ ಹಾಕದೆ ಕೊಟ್ಟೆ.

ಆ ಸಕ್ಕರೆಯ ಡಬ್ಬಿಯಿಂದಲೇ ನಾನು ಸಿಕ್ಕಿಬಿದ್ದದ್ದು. ಅಳಿಯ ಹೋದಮೇಲೆ ನಮ್ಮಿಬ್ಬರಿಗೆ ಕಾಫಿ ಮಾಡಲು ನಿಂತೆ. ಮುಚ್ಚಳ ಅಂಟಿಕೊಂಡಿತ್ತು. ಎಡಗೈಗೆ ಬರಲಿಲ್ಲ. ಅತ್ತಿತ್ತ ನೋಡಿ, ಬಲಗೈಯಲ್ಲಿ ಹಿಡಿದು ಒಂದೇ ಏಟಿಗೆ ತಿರುಗಿಸಿದೆ. ಟಪ್ಪೆಂದು ಬಿಚ್ಚಿಕೊಂಡಿತು. ತಿರುಗಿದರೆ ನಮ್ಮವರು ಬಾಗಿಲಿಗೆ ಒರಗಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ನನ್ನ ಬಲಗೈಯಲ್ಲಿ ಮುಚ್ಚಳ, ಎಡಗೈಯಲ್ಲಿ ಡಬ್ಬಿ.

"ಹಿಡಿತ ಇನ್ನೂ ಬಂದಿಲ್ಲ, ಅಲ್ವಾ?" ಎಂದು ಕೇಳಿದರು.

"ಇಲ್ಲ ರೀ," ಅಂದೆ.

"ಬರುತ್ತೆ ಬಿಡು. ಏನು ಅವಸರ."

ಒಳಗೆ ಬಂದು, ನನ್ನ ಲೋಟಕ್ಕೊಂದು ತಮ್ಮ ಲೋಟಕ್ಕೊಂದು ಚಮಚ ಸಕ್ಕರೆ ತಾವೇ ಹಾಕಿದರು. ನನ್ನ ಕೈಯಿಂದ ಮುಚ್ಚಳ ತೆಗೆದುಕೊಂಡು, ತಿರುಗಿಸದೆ, ಡಬ್ಬಿಯ ಮೇಲೆ ಸುಮ್ಮನೆ ಸಡಿಲವಾಗಿ ಇಟ್ಟರು.